ಹಾಸ್ಟೆಲ್ ಗುಂಪಿನಲ್ಲಿ ಮೆಕ್ಸಿಕೋ ಜಗಳ

(ಹಳೆಯ ಹಾಸ್ಟೆಲ್ ಗೆಳೆಯರ ಮೊಬೈಲ್ ಗುಂಪು. ಇಲ್ಲಿ ಒಬ್ಬೊಬ್ಬರನ್ನೂ ಕರೆಯುವುದು ಅವರವರ ಊರಿನ ಹೆಸರಿನಿಂದ.)

ಬಳ್ಳಾರಿ: [ವಿಡಿಯೊ] ನೋಡ್ರಪ್ಪಾ. ಗಂಡ ಹೆಂಡತಿ, 31 ಅಡಿ ಹಾಯಿದೋಣಿ. ಅಮೆರಿಕದ ಸ್ಯಾನ್ ಡಿಯೇಗೊದಿಂದ ಹೊರಟು ಇಡೀ ಚಳಿಗಾಲ ಮೆಕ್ಸಿಕೋ ಕರಾವಳಿ ಸುತ್ತುತ್ತಾರೆ. ಬಾಡಿಗೆ ಇಲ್ಲ, ಪೆಟ್ರೋಲ್ ಇಲ್ಲ, ಗಾಳಿ ಬಿಟ್ಟಿ. ರಿಟೈರ್ ಆದ ಮೇಲೆ ನಾನೂ ಇದನ್ನೇ ಮಾಡುವುದು. ತೀರ್ಮಾನ ಆಗಿದೆ.

ಹಾಸನ: ಈಜು ಬರುತ್ತಾ ನಿನಗೆ? ಕಾಲುವೆಯಲ್ಲಿ ಮುಳುಗುತ್ತಿದ್ದವನನ್ನು ಕೂದಲು ಹಿಡಿದು ಎಳೆದಿದ್ದು ನಾನು.

ಬಳ್ಳಾರಿ: ದೋಣಿ ಇರುವುದೇ ಈಜಬಾರದು ಅಂತ.

ಕುಂದಾಪುರ: 14 ನಿಮಿಷದ ವಿಡಿಯೊ. ಒಂದೇ ಒಂದು ದೊಡ್ಡ ಅಲೆ ಇಲ್ಲ. ಬರೀ ಸೂರ್ಯಾಸ್ತ. ಕಡಲಿಗೆ ರಜೆ ಕಳೆಯೋಕೆ ಹೋಗುವವರನ್ನು ಕಂಡರೆ ನನ್ನ ಅಜ್ಜ ಬಿದ್ದು ಬಿದ್ದು ನಗುತ್ತಿದ್ದರು.

ಹಾಸನ: ಮತ್ತೆ ಆ ಡ್ರಗ್ ಗ್ಯಾಂಗ್‌ಗಳು? ಶಿರಸಿ, ನೀನು ಸ್ಯಾನ್ ಡಿಯೇಗೊದಲ್ಲೇ ಇದ್ದೀಯ. ಎರಡು ಚಳಿಗಾಲ ಇದೇ ಕೆಲಸ ಮಾಡಿ ಬಂದಿದ್ದೀಯ. ಸುಮ್ನೆ ಕೂತಿದ್ದೀಯಲ್ಲ?

ಶಿರಸಿ: ಈಗಷ್ಟೇ ಎದ್ದೆ, ಇಲ್ಲಿ ಬೆಳಗಿನ ಆರು. ಗ್ಯಾಂಗ್ ವಿಷಯ ಮೊದಲು ಮುಗಿಸುತ್ತೇನೆ. ಎರಡು ಚಳಿಗಾಲದಲ್ಲಿ ನಮ್ಮಿಂದ ಕಳುವಾಗಿದ್ದು ಒಂದು ಬಕೆಟ್. ಕಳ್ಳರ ಕಣ್ಣು ಇರುವುದು ದಡಕ್ಕೆ ಹೋಗಿ ಬರುವ ರಬ್ಬರ್ ದೋಣಿಯ ಎಂಜಿನ್ ಮೇಲೆ. ರಾತ್ರಿ ಅದನ್ನು ನೀರಿನಿಂದ ಮೇಲೆತ್ತಿ ಕಟ್ಟಬೇಕು. ಯಾವ ಬಂದರಿಗೆ ಹೋಗುವುದು ಅಂತ ಊರಿನ ಸುದ್ದಿ ನೋಡಿ ಆರಿಸಬೇಕು. ಅಷ್ಟೇ.

ಇನ್ನು ಬಿಟ್ಟಿ ಗಾಳಿ. ಬಿಟ್ಟಿ ಹೌದು, ಆದರೆ ಒಂದೇ ಕಡೆಗೆ. ಬಾಹಾ ಅಂದರೆ ಮೆಕ್ಸಿಕೋದ ಪಶ್ಚಿಮಕ್ಕಿರುವ ಉದ್ದನೆಯ ಪರ್ಯಾಯ ದ್ವೀಪ. ಅದರ ಕರಾವಳಿಯಲ್ಲಿ ಗಾಳಿ ಹೆಚ್ಚಾಗಿ ವಾಯವ್ಯದಿಂದ. ಸ್ಯಾನ್ ಡಿಯೇಗೊದಿಂದ ಅದರ ದಕ್ಷಿಣದ ತುದಿಯ ಕಾಬೋ ಸ್ಯಾನ್ ಲೂಕಾಸ್‌ಗೆ ಸುಮಾರು 750 ನಾಟಿಕಲ್ ಮೈಲಿ, ಅಂದರೆ ಹೆಚ್ಚುಕಡಿಮೆ 1,400 ಕಿಲೋಮೀಟರ್. ಹೋಗುವಾಗ ಗಾಳಿ ಬೆನ್ನಿಗೆ. ನಮ್ಮ ದೇವಿಮನೆ ಘಟ್ಟದಲ್ಲಿ ಬಸ್ಸು ಕುಮಟೆಗೆ ಇಳಿದ ಹಾಗೆ. ವಾಪಸ್ ಬರುವಾಗ ಅದೇ ಗಾಳಿ, ಅದೇ ಅಲೆ ಮುಖಕ್ಕೆ. ಅದಕ್ಕೆ ಇಲ್ಲಿಯವರು ಇಟ್ಟ ಹೆಸರೇ ಬಾಹಾ ಬ್ಯಾಶ್, ಅಂದರೆ ಬಾಹಾ ಗುದ್ದಾಟ. ಎಂಜಿನ್‌ಗೆ ಡೀಸೆಲ್ ಸುರಿದುಕೊಂಡು ಬರಬೇಕು. ಆ ಭಾಗದ ವಿಡಿಯೊ ಯಾರೂ ಹಾಕುವುದಿಲ್ಲ. ಕ್ಯಾಮೆರಾ ಹಿಡಿಯೋಕೆ ಕೈ ಖಾಲಿ ಇರಬೇಕಲ್ಲ?

ಕುಂದಾಪುರ: ಮಳೆಗಾಲದಲ್ಲಿ ಏನು ಮಾಡುತ್ತಾರೆ? ನಮ್ಮಲ್ಲಿ ಜೂನ್ 1ರಿಂದ 61 ದಿನ ಯಾಂತ್ರಿಕ ದೋಣಿಗೆ ಬಂದ್.

ಶಿರಸಿ: ಅಲ್ಲಿ ಮೇ 15ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ಕೆಲವರು ದೋಣಿಯನ್ನು ಸ್ಯಾನ್ ಕಾರ್ಲೋಸ್, ಗ್ವಾಯ್ಮಾಸ್ ಕಡೆ ದಡಕ್ಕೆ ಎತ್ತಿಸಿಟ್ಟು ಮನೆಗೆ ಹೋಗುತ್ತಾರೆ. 2014ರ ಸೆಪ್ಟೆಂಬರ್‌ನಲ್ಲಿ ಓಡಿಲ್ ಅನ್ನುವ ಚಂಡಮಾರುತ ಕಾಬೋಗೆ ನೇರವಾಗಿ ಹೊಡೆಯಿತು, ಬಾಹಾದ ಇನ್ನೊಂದು ಊರು ಲಾ ಪಾಜ್‌ನಲ್ಲೂ ಎಷ್ಟೋ ದೋಣಿ ಹೋದವು. 2023ರ ಅಕ್ಟೋಬರ್‌ನಲ್ಲಿ ಅಕಾಪುಲ್ಕೋಗೆ ಬಂದ ಓಟಿಸ್ ಒಂದೇ ದಿನದೊಳಗೆ ಸಾದಾ ಬಿರುಗಾಳಿಯಿಂದ ಐದನೇ ದರ್ಜೆಗೆ, ಅಂದರೆ ಅತಿ ಮೇಲಿನ ದರ್ಜೆಗೆ ಏರಿತು.

ಬಳ್ಳಾರಿ: ಅಂದರೆ ಡಿಸೆಂಬರ್‌ನಲ್ಲಿ ಹೋದರೆ ಸೇಫ್. ನಾನು ಹೇಳಿದ್ದೂ ಚಳಿಗಾಲ ಅಂತಲೇ.

ಶಿರಸಿ: 1982ರ ಡಿಸೆಂಬರ್. ಕಾಬೋದ ತೆರೆದ ಕೊಲ್ಲಿಯಲ್ಲಿ ದಡಕ್ಕೆ ತೀರಾ ಹತ್ತಿರ, ಒಂದಕ್ಕೊಂದು ಅಂಟಿಕೊಂಡ ಹಾಗೆ ದೋಣಿಗಳು ಲಂಗರು ಹಾಕಿದ್ದವು. ರಾತ್ರಿ ಗಾಳಿ ಕಡಲ ಕಡೆಯಿಂದ ದಡಕ್ಕೆ ತಿರುಗಿತು. ಇಪ್ಪತ್ತಕ್ಕೂ ಹೆಚ್ಚು ದೋಣಿ ಮರಳಿಗೆ ಬಿದ್ದವು. ಅದರಲ್ಲಿ ಫ್ರಾನ್ಸಿನ ಹೆಸರಾಂತ ನಾವಿಕ ಬರ್ನಾರ್ ಮೊಯಿತೆಸಿಯೆ ಅವರ ದೋಣಿ ಜೋಶುವಾ ಕೂಡ ಇತ್ತು. ಒಂಟಿಯಾಗಿ ಭೂಮಿ ಸುತ್ತಿದ ಮನುಷ್ಯ, ಉಕ್ಕಿನ ದೋಣಿ. ಆದರೂ ದಡ ಬಿಡಲಿಲ್ಲ.

ಬಳ್ಳಾರಿ: ನಿನ್ನನ್ನು ಕೇಳಿದ್ದೇ ತಪ್ಪು ಮಾರಾಯ.

ಧಾರವಾಡ: ಎಲ್ಲರೂ ಗಾಳಿ, ಅಲೆ ಅಂತಿದ್ದೀರಿ. ವಿಡಿಯೊದಲ್ಲಿ ಹೆಂಡತಿ ಏನು ಮಾಡುತ್ತಾಳೆ ನೋಡಿದಿರಾ? ಕಾಫಿ ಮಾಡುತ್ತಾಳೆ. ನಿಂಬೆ ಹೆಚ್ಚುತ್ತಾಳೆ. ಮುಂದೆ ಕೂತು ಕೂದಲು ಹಾರಿಸುತ್ತಾಳೆ. ಚುಕ್ಕಾಣಿ ಒಮ್ಮೆಯೂ ಹಿಡಿದಿಲ್ಲ.

ಬಳ್ಳಾರಿ: ಅವಳಿಗೆ ಅದೇ ಇಷ್ಟ ಇರಬಹುದು ಕಣಮ್ಮಾ. ದೋಣಿ ನಡೆಸುವುದು ಅವನ ಕೆಲಸ, ಅಡುಗೆ ಅವಳ ಕೆಲಸ. ಇದರಲ್ಲೂ ಸ್ತ್ರೀವಾದ ತರಬೇಡ.

ಧಾರವಾಡ: ನಿಮ್ಮ ಮನೆಯವಳನ್ನು ಕೇಳಿದ್ದೀಯಾ, ಬರ್ತೀಯಾ ಅಂತ?

ಬಳ್ಳಾರಿ: ಸರ್ಪ್ರೈಸ್ ಕೊಡೋಣ ಅಂತಿದ್ದೆ.

ಹಾಸನ: 😂😂😂

ಶಿರಸಿ: ಧಾರವಾಡ ಕೈ ಇಟ್ಟಿದ್ದು ಸರಿಯಾದ ಜಾಗಕ್ಕೆ. ಉದ್ದ ಬರೆಯುತ್ತೇನೆ, ಬೈಯಬೇಡಿ.

ಸಣ್ಣ ದೋಣಿಯ ವೇಗ ಐದು ನಾಟ್, ಅಂದರೆ ಗಂಟೆಗೆ ಒಂಬತ್ತು ಕಿಲೋಮೀಟರ್. ಬಳ್ಳಾರಿಯಿಂದ ಬೆಂಗಳೂರಿಗೆ ಒಂದೂವರೆ ದಿನ ಅನ್ನಿ. ಕಾಬೋದಿಂದ ಎದುರು ದಡದ ಮಜಾತ್ಲಾನ್‌ಗೆ ದಾಟುವಾಗ ಮಧ್ಯೆ ನಿಲ್ಲುವ ಜಾಗವೇ ಇಲ್ಲ. ರಾತ್ರಿಯೂ ಹೋಗುತ್ತಲೇ ಇರಬೇಕು. ಮೂರು ಗಂಟೆ ಒಬ್ಬರು ಎಚ್ಚರ, ಮೂರು ಗಂಟೆ ಇನ್ನೊಬ್ಬರು. ಹಾಗಾಗಿ ದೋಣಿಯಲ್ಲಿ ಇಬ್ಬರಿದ್ದರೂ ಯಾವ ಹೊತ್ತಿಗೂ ಎದ್ದಿರುವುದು ಒಬ್ಬರೇ. ಆ ಒಬ್ಬರಿಗೆ ಪೂರ್ತಿ ದೋಣಿ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಅದು ಜೋಡಿ ಪ್ರಯಾಣವಲ್ಲ. ಒಬ್ಬ ಡ್ರೈವರ್, ಒಬ್ಬ ಪ್ಯಾಸೆಂಜರ್. ಡ್ರೈವರ್ ಕಾಲು ಜಾರಿ ನೀರಿಗೆ ಬಿದ್ದ ಅಂತಿಟ್ಟುಕೊಳ್ಳಿ. ದೋಣಿ ತಿರುಗಿಸುವವರು ಯಾರು?

ನಾನು, ನನ್ನ ಹೆಂಡತಿ ಕೂಡ ಮೊದಲ ವರ್ಷ ಆ ವಿಡಿಯೊದವರ ಥರವೇ ಹೋಗಿದ್ದೆವು. ತಪ್ಪು ನನ್ನದು. ಎಲ್ಲ ನನಗೆ ಬರುತ್ತದೆ ಅನ್ನುವ ಜಂಬ. ಲಾ ಪಾಜ್ ಹತ್ತಿರ ಎಸ್ಪಿರಿತು ಸಾಂತೊ ಅಂತ ದ್ವೀಪ ಇದೆ. ಅಲ್ಲಿನ ಸ್ಯಾನ್ ಗೇಬ್ರಿಯಲ್ ಕೊಲ್ಲಿಯಲ್ಲಿ, ಹಿಂದೆ ಮುತ್ತಿನ ಚಿಪ್ಪು ಸಾಕುತ್ತಿದ್ದ ಕಲ್ಲಿನ ಕಟ್ಟೆ ಕಾಣುವ ಹಾಗೆ, ಲಂಗರು ಹಾಕಿದೆವು. ಮೇ ತಿಂಗಳು. ಸಂಜೆ ನೀರು ಕನ್ನಡಿ. ಇವಳು ತಂದಿದ್ದ ಚಕ್ಕುಲಿ ತಿಂದು ಮಲಗಿದೆವು.

ಆ ಕಡೆ ಬೇಸಿಗೆಯ ರಾತ್ರಿಗಳಲ್ಲಿ ದಕ್ಷಿಣದಿಂದ ಒಂದು ಗಾಳಿ ಏಳುತ್ತದೆ. ಕೊರೊಮುಯೆಲ್ ಅಂತ ಹೆಸರು. ಕ್ರಾಮ್‌ವೆಲ್ ಅನ್ನುವ ಕಡಲುಗಳ್ಳನ ಹೆಸರು ಬಾಯಿಂದ ಬಾಯಿಗೆ ಹೀಗಾಯಿತು ಅನ್ನುತ್ತಾರೆ ಊರಿನವರು. ಹನ್ನೊಂದಕ್ಕೆ ಅದು ಬಂತು. ಸರಪಳಿ ಕೆಳಗೆ ಕಲ್ಲಿನ ಮೇಲೆ ಗರಗರ ಅನ್ನುವ ಸದ್ದು, ದಿಂಬಿನ ಪಕ್ಕದಲ್ಲೇ ಗಿರಣಿ ಇಟ್ಟ ಹಾಗೆ. ಲಂಗರು ಕಿತ್ತಿತ್ತು. ನಾನು ಮುಂದೆ ಓಡಿ ಸರಪಳಿ ಎಳೆಯುತ್ತಿದ್ದೆ. ಇವಳಿಗೆ ಎಂಜಿನ್ ಹಾಕು, ಮುಂದೆ ತಗೋ ಅಂತ ಕಿರುಚಿದೆ. ಗಾಳಿಗೆ ಮಾತು ಹಿಂದಕ್ಕೆ ಹೋಗಲಿಲ್ಲ. ಕತ್ತಲಲ್ಲಿ ಅವಳು ಗೇರಿನ ಹಿಡಿ ಎಳೆದಳು. ದೋಣಿ ಹಿಂದಕ್ಕೆ ಹೋಯಿತು. ಪಕ್ಕದ ದೋಣಿಯಲ್ಲಿದ್ದ ಅಜ್ಜಿ ನೈಟಿಯಲ್ಲೇ ಓಡಿ ಬಂದು ಎರಡೂ ದೋಣಿಗಳು ಗುದ್ದದ ಹಾಗೆ ಮಧ್ಯೆ ರಬ್ಬರ್ ಚೆಂಡು ಹಿಡಿದರು. ಮಧ್ಯೆ ಇದ್ದಿದ್ದು ಎರಡು ಮಾರು.

ಬೆಳಿಗ್ಗೆ ಇವಳು ಮಾತಾಡಲಿಲ್ಲ. ಕಾಫಿ ಕುಡಿದ ಮೇಲೆ ಒಂದೇ ಮಾತು: "ಇವತ್ತು ನಾನು ನಡೆಸುತ್ತೇನೆ, ನೀನು ಮುಟ್ಟಬೇಡ." ಅದೇ ಕೊಲ್ಲಿಯಲ್ಲಿ ಆವತ್ತು ಹತ್ತಾರು ಸಲ ಲಂಗರು ಹಾಕಿದೆವು, ಎತ್ತಿದೆವು. ಕಿರುಚುವುದು ಬಂದ್, ಬರೀ ಕೈ ಸನ್ನೆ. ಪಂಕ್ತಿಯಲ್ಲಿ ಬಡಿಸುವವನಿಗೆ ಸಾಕು ಅಂತ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವಲ್ಲ, ಅದು ನ್ಯೂಟ್ರಲ್.

ಮರುವರ್ಷ ಮಜಾತ್ಲಾನ್‌ಗೆ ದಾಟುವಾಗ ನಾನು ನಾಲ್ಕಕ್ಕೆ ಎದ್ದು ಮೇಲೆ ಬಂದರೆ ಎಲ್ಲ ಶಾಂತ. ಲಾಗ್ ಪುಸ್ತಕದಲ್ಲಿ ಅವಳ ಕೈಬರಹ: "2.40. ದೀಪವಿಲ್ಲದ ಮೀನುದೋಣಿ. ಬಲೆ. ಬಲೆಯ ತುದಿ ಸುತ್ತಿ ಬಂದೆ. ಟಾರ್ಚ್ ತೋರಿಸಿದ ಅಣ್ಣನಿಗೆ ಥ್ಯಾಂಕ್ಸ್." ನನ್ನನ್ನು ಎಬ್ಬಿಸಿಯೂ ಇರಲಿಲ್ಲ.

ಕುಂದಾಪುರ: ಬಲೆ ಪ್ರೊಪೆಲ್ಲರ್‌ಗೆ ಸುತ್ತಿದ್ದರೆ ಕತೆ ಮುಗೀತಿತ್ತು. ಅವರಿಗೆ ನನ್ನ ನಮಸ್ಕಾರ ಹೇಳು. ನಿನಗಲ್ಲ.

ಧಾರವಾಡ: ನಮ್ಮ ನೌಕಾಪಡೆಯ ದಿಲ್ನಾ, ರೂಪಾ ಇಬ್ಬರೇ ತಾರಿಣಿ ಅನ್ನುವ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಬಂದರಲ್ಲ. 2024ರ ಅಕ್ಟೋಬರ್ 2ಕ್ಕೆ ಗೋವಾದಿಂದ ಹೊರಟು 2025ರ ಮೇ ಕೊನೆಗೆ ವಾಪಸ್. ಅಲ್ಲಿ ನಿಂಬೆ ಹೆಚ್ಚಿದ್ದು ಯಾರು ಅಂತ ಕೇಳು, ಬಳ್ಳಾರಿ.

ಬಳ್ಳಾರಿ: ಅವರು ನೇವಿ! ನಾವು ಸಾಮಾನ್ಯರು.

ಶಿರಸಿ: ಅವರಿಗೇ ಅಷ್ಟು ವರ್ಷದ ತರಬೇತಿ ಬೇಕಾಯಿತು ಅಂದರೆ, ನಿನಗೆ?

ಹಾಸನ: ಕಾಗದ ಪತ್ರ ಕಷ್ಟವಾ?

ಶಿರಸಿ: ದೋಣಿಗೆ 10 ವರ್ಷದ ಪರ್ಮಿಟ್ ಸಿಗುತ್ತದೆ. ಮನುಷ್ಯರಿಗೆ ಹೆಚ್ಚೆಂದರೆ 180 ದಿನ. ದೋಣಿಗೇ ಮರ್ಯಾದೆ ಜಾಸ್ತಿ.

ಧಾರವಾಡ: ಊಟ?

ಶಿರಸಿ: ನಿನಗಂತೂ ಚಿಂತೆ ಇಲ್ಲ. ಅಲ್ಲಿ ಹೋಟೆಲಿನಲ್ಲಿ ಕೆಂಪು ತಂಪು ಪಾನಕ ಕೊಡುತ್ತಾರೆ, ಆಗ್ವಾ ದೆ ಹಮೈಕಾ. ಒಂದು ಗುಟುಕು ಕುಡಿದು ಇವಳು ಇದು ಪುಂಡಿ ಅಂದಳು. ನಿಜವಾಗಿಯೂ ಪುಂಡಿ ಜಾತಿಯ ಹೂವಿನದೇ.

ಧಾರವಾಡ: ಪುಂಡಿಪಲ್ಯ ಬಿಟ್ಟು ಪಾನಕ ಮಾಡ್ತಾರಾ! ಹೋಗಲೇಬೇಕು.

ಬಳ್ಳಾರಿ: ಸರಿ. ನಮ್ಮವಳು ಹಿಂದೆ ನಿಂತು ಎಲ್ಲ ಓದಿದಳು. ಸರ್ಪ್ರೈಸ್ ಹಾಳಾಯಿತು.

ಹಾಸನ: ಏನಂದಳು?

ಬಳ್ಳಾರಿ: ಚುಕ್ಕಾಣಿ ಕೊಟ್ಟರೆ ಬರುತ್ತಾಳಂತೆ. ಅಡುಗೆ ನಾನು ಮಾಡಬೇಕಂತೆ.

ಕುಂದಾಪುರ: ಅಕ್ಟೋಬರ್‌ನಲ್ಲಿ ಇಬ್ಬರೂ ಗಂಗೊಳ್ಳಿಗೆ ಬನ್ನಿ. ನನ್ನ ತಮ್ಮನ ದೋಣಿ ಇದೆ. ಅಳಿವೆ ದಾಟುವವರೆಗೆ ಅವನು, ಆಮೇಲೆ ಚುಕ್ಕಾಣಿ ಅವರಿಗೆ. ನೀನು ಹಗ್ಗ ಎಳಿ.

ಬಳ್ಳಾರಿ: ವಾಂತಿ ಬಂದರೆ?

ಕುಂದಾಪುರ: ಗಾಳಿ ಬರುವ ಕಡೆಗೆ ಮುಖ ಮಾಡಬೇಡ.