ತಾಂಡಾದ ಅಂಗನವಾಡಿಗೆ ಕಟ್ಟಡ ಬಂದಿದೆ, ಅದನ್ನು ನಡೆಸುವ ಹಣ ಯಾರನ್ನು ಕೇಳಬೇಕು?

ಪ್ರಶ್ನೆ: ಗ್ರಾಮ ಪಂಚಾಯಿತಿ ಸದಸ್ಯೆ, ಕಲಬುರಗಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನನ್ನ ವಾರ್ಡಿನಲ್ಲಿ ಒಂದು ಲಂಬಾಣಿ ತಾಂಡಾ ಇದೆ. ಬಹಳ ವರ್ಷ ಸೇವಾಲಾಲರ ಗುಡಿಯ ಪಡಸಾಲೆಯಲ್ಲಿ ನಡೆಯುತ್ತಿದ್ದ ಅಲ್ಲಿನ ಅಂಗನವಾಡಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ಈಗ ಸ್ವಂತ ಕಟ್ಟಡವಾಗಿದೆ. ಗೋಡೆಯ ಮೇಲೆ ಆನೆ, ನವಿಲು, ಅಕ್ಷರಮಾಲೆ ಎಲ್ಲವನ್ನೂ ಅಂದವಾಗಿ ಬರೆಸಿದ್ದಾರೆ. ಆದರೆ ಸಹಾಯಕಿಯ ಹುದ್ದೆ ಖಾಲಿ ಬಿದ್ದಿದೆ. ಕಾರ್ಯಕರ್ತೆ ಒಬ್ಬರೇ ಅಡುಗೆ ಮಾಡಿ, ಗರ್ಭಿಣಿಯರಿಗೂ ಬಾಣಂತಿಯರಿಗೂ ಊಟ ಬಡಿಸಿ, ಮಕ್ಕಳನ್ನು ನೋಡಿಕೊಂಡು, ಉಳಿದ ಹೊತ್ತಿನಲ್ಲಿ ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ (ಫಲಾನುಭವಿಗಳ ವಿವರ ದಾಖಲಿಸುವ ಆ್ಯಪ್) ತುಂಬಬೇಕು. ಸಿಲಿಂಡರ್ ಮುಗಿದಾಗ ಅವರೇ ಕೈಯಿಂದ ಹಣ ಹಾಕಿ ತರಿಸುತ್ತಾರೆ. ಆ ಹಣ ಯಾವಾಗ ಮರಳಿ ಬರುತ್ತದೆ ಎಂಬುದನ್ನು ಹೇಳುವವರಿಲ್ಲ.

ಇನ್ನೊಂದು ತೊಂದರೆ ಗುಳೆಯದು. ದೀಪಾವಳಿ ಕಳೆದ ಮೇಲೆ ಎಷ್ಟೋ ಮನೆಯವರು ಪುಣೆ, ಮುಂಬೈ, ಹೈದರಾಬಾದಿನ ಕಟ್ಟಡ ಕೆಲಸಕ್ಕೂ ಮಹಾರಾಷ್ಟ್ರದ ಕಡೆ ಕಬ್ಬು ಕಡಿಯಲೂ ಹೊರಡುತ್ತಾರೆ. ಕೆಲವು ಮಕ್ಕಳು ತಂದೆತಾಯಿಯ ಜೊತೆ ಹೋಗುತ್ತವೆ, ಕೆಲವು ಅಜ್ಜಿಯ ಹತ್ತಿರ ಉಳಿಯುತ್ತವೆ. ತೊಗರಿ ಕೊಯ್ಲಿನ ದಿನಗಳಲ್ಲಿ ಆ ಅಜ್ಜಿಯೂ ಬೆಳಗಿನ ಆರಕ್ಕೇ ಹೊಲಕ್ಕೆ ಹೋಗಬೇಕು. ಅಂಗನವಾಡಿಯ ಬಾಗಿಲು ತೆರೆಯುವವರೆಗೆ ಮಗುವನ್ನು ಯಾರ ಕೈಗೆ ಕೊಡಬೇಕು?

ಕಚೇರಿಯಲ್ಲಿ ವಿಚಾರಿಸಿದರೆ ‘ಅದು ಬೇರೆ ಲೆಕ್ಕ ಶೀರ್ಷಿಕೆ, ನಮ್ಮ ಕೈಯಲ್ಲಿಲ್ಲ’ ಎನ್ನುತ್ತಾರೆ, ಅಂದರೆ ಆ ಹಣ ಬಜೆಟ್‌ನ ಬೇರೆ ಬಾಬ್ತಿನದಂತೆ. 2025-26ರ ರಾಜ್ಯ ಬಜೆಟ್‌ನಲ್ಲಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಿಸಿದ್ದನ್ನು ನಾವೆಲ್ಲ ಓದಿದ್ದೇವೆ. ಅದರಲ್ಲಿ ಒಂದು ಪಾಲನ್ನು ಅಂಗನವಾಡಿಯನ್ನು ನಡೆಸುವುದಕ್ಕೂ ಕೊಡಲು ಬರುವುದಿಲ್ಲವೇ? ಯಾವ ಕೆಲಸದ ಹಣಕ್ಕೆ ಯಾರ ಬಾಗಿಲು ತಟ್ಟಬೇಕು ಎಂಬುದನ್ನು ತಿಳಿದವರು ಬಿಡಿಸಿ ಹೇಳಿದರೆ ಮುಂದಿನ ಸಭೆಯಲ್ಲಿ ಮಾತನಾಡಲು ಅನುಕೂಲವಾಗುತ್ತದೆ.

ಉತ್ತರ 1: ನಿವೃತ್ತ ಲೆಕ್ಕಾಧಿಕಾರಿ, ಕಲಬುರಗಿ

ಅಕ್ಕನವರೇ, ಕಚೇರಿಯವರು ಹೇಳಿದ್ದು ಸುಳ್ಳಲ್ಲ. ಆದರೆ ಅಷ್ಟಕ್ಕೇ ಮಾತು ಮುಗಿಸಿ ನಿಮ್ಮನ್ನು ಕಳಿಸಿದ್ದು ಸರಿಯಲ್ಲ. ಒಂದು ಅಂಗನವಾಡಿ ಹೊರಗಿನಿಂದ ಒಂದೇ ಸಂಸ್ಥೆಯಂತೆ ಕಂಡರೂ ಅದರ ಒಳಗೆ ಹರಿಯುವ ಹಣ ನಾಲ್ಕೈದು ಕಡೆಯಿಂದ, ನಾಲ್ಕೈದು ಷರತ್ತುಗಳೊಂದಿಗೆ ಬರುತ್ತದೆ.

ಊಟದ ಹಣ ಕೇಂದ್ರ ಮತ್ತು ರಾಜ್ಯದ ನಡುವೆ ಅರ್ಧರ್ಧ. 2017ರ ಪರಿಷ್ಕರಣೆಯಲ್ಲಿ ನಿಗದಿಯಾದ ಘಟಕ ವೆಚ್ಚದಂತೆ ದಿನಕ್ಕೆ ಒಂದು ಮಗುವಿಗೆ 8 ರೂಪಾಯಿ, ಗರ್ಭಿಣಿ ಮತ್ತು ಬಾಣಂತಿಗೆ 9.50 ರೂಪಾಯಿ, ತೀವ್ರ ಅಪೌಷ್ಟಿಕತೆಯ ಮಗುವಿಗೆ 12 ರೂಪಾಯಿ. ಮಾತೃಪೂರ್ಣದ ಬಿಸಿಯೂಟ, ಮೊಟ್ಟೆ, ಕ್ಷೀರಭಾಗ್ಯದ ಹಾಲು ಇವೆಲ್ಲ ರಾಜ್ಯವು ಅದರ ಮೇಲೆ ತನ್ನ ಬೊಕ್ಕಸದಿಂದ ಸೇರಿಸಿಕೊಂಡು ಬಂದವು. ಗೌರವಧನದ ಕಥೆಯೂ ಹೀಗೆಯೇ. ಕೇಂದ್ರದ ಲೆಕ್ಕದಲ್ಲಿ ಕಾರ್ಯಕರ್ತೆಗೆ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250 ರೂಪಾಯಿ ಎಂದು 2018ರಲ್ಲಿ ನಿಗದಿಯಾಯಿತು. ಅಷ್ಟಕ್ಕೆ ಮಾತ್ರ ಕೇಂದ್ರ 60, ರಾಜ್ಯ 40ರ ಪಾಲು ಅನ್ವಯಿಸುತ್ತದೆ. ಅದರಾಚೆಗೆ ಕೊಡುವುದೆಲ್ಲ ರಾಜ್ಯದ್ದು. 2025-26ರ ಬಜೆಟ್‌ನಲ್ಲಿ ಕಾರ್ಯಕರ್ತೆಯರಿಗೆ 1,000, ಸಹಾಯಕಿಯರಿಗೆ 750 ರೂಪಾಯಿ ಹೆಚ್ಚಿಸಿದ್ದು ಕೂಡ ರಾಜ್ಯದ ಹಣವೇ.

ಕಟ್ಟಡಕ್ಕೆ ಬಂದರೆ ಹಣದ ದಾರಿಗಳು ಹಲವು. ಅಂಗನವಾಡಿ ಮತ್ತು ಪೌಷ್ಟಿಕತೆಗಾಗಿ ಇರುವ ಕೇಂದ್ರ ಸರ್ಕಾರದ ಯೋಜನೆಯಾದ ಪೋಷಣ್ 2.0ರ ಮಾರ್ಗಸೂಚಿಯಲ್ಲಿ ಒಂದು ಕಟ್ಟಡಕ್ಕೆ 12 ಲಕ್ಷ ರೂಪಾಯಿ ಎಂದಿಟ್ಟು, ಉದ್ಯೋಗ ಖಾತ್ರಿಯಿಂದ 8 ಲಕ್ಷ, 15ನೇ ಹಣಕಾಸು ಆಯೋಗದಿಂದ 2 ಲಕ್ಷ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದಿಂದ 2 ಲಕ್ಷ ಎಂದು ಹಂಚಿದ್ದರು. ನಮ್ಮ ಭಾಗದಲ್ಲಿ ಅದಕ್ಕೂ ಮೇಲೆ ಮಂಡಳಿ ಇದೆ. ಕಟ್ಟಡವೆಂದರೆ ಅಂದಾಜು ಪಟ್ಟಿ ಇರುತ್ತದೆ, ಟೆಂಡರ್ ಇರುತ್ತದೆ, ಅಡಿಗಲ್ಲು ಇರುತ್ತದೆ, ಆರ್ಥಿಕ ವರ್ಷ ಮುಗಿಯುವುದರೊಳಗೆ ಬಳಕೆ ಪ್ರಮಾಣಪತ್ರ ಕೊಟ್ಟು ಕಡತ ಮುಚ್ಚಬಹುದು. ಸಹಾಯಕಿಯನ್ನು ನೇಮಿಸಿದರೆ ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ ಹಣ ಹುಡುಕಬೇಕು. ಅದಕ್ಕೇ ಎಲ್ಲರಿಗೂ ಕಟ್ಟಡವೆಂದರೆ ಪ್ರೀತಿ. ಇದನ್ನು ನಾನು ಸೇವೆಯಲ್ಲಿದ್ದಾಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ.

ಮಂಡಳಿಯ ಬಗ್ಗೆ ನೀವು ಕೇಳಿದ ಮಾತು ಮುಖ್ಯವಾದದ್ದು. ಸಂವಿಧಾನದ 371(ಜೆ) ವಿಧಿ ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯನ್ನೂ ಅಭಿವೃದ್ಧಿ ವೆಚ್ಚಕ್ಕೆ ನ್ಯಾಯಯುತ ಹಂಚಿಕೆಯನ್ನೂ ಹೇಳುತ್ತದೆ. ಅಭಿವೃದ್ಧಿ ವೆಚ್ಚವೆಂದರೆ ಕಾಮಗಾರಿ ಮಾತ್ರ ಎಂದು ವಿಧಿಯಲ್ಲಿ ಎಲ್ಲಿಯೂ ಬರೆದಿಲ್ಲ. ಅದು ರೂಢಿಯಿಂದ ಬಂದ ಅರ್ಥ. ಇದೇ ಮಂಡಳಿ ಅಕ್ಷರ ಆವಿಷ್ಕಾರ ಕಾರ್ಯಕ್ರಮದಡಿ ಶಾಲೆಗಳ ಅತಿಥಿ ಶಿಕ್ಷಕರಿಗೆ ಹಣ ಕೊಟ್ಟಿದೆ. ಶಾಲೆಗೆ ಬರುವ ಮಗುವಿನ ವಿಷಯದಲ್ಲಿ ಸಾಧ್ಯವಾದದ್ದು ಅಂಗನವಾಡಿಗೆ ಬರುವ ಮಗುವಿನ ವಿಷಯದಲ್ಲಿ ಏಕೆ ಆಗದು ಎಂದು ನಿಮ್ಮ ಶಾಸಕರನ್ನು ಬರವಣಿಗೆಯಲ್ಲೇ ಕೇಳಿ, ಏಕೆಂದರೆ ಮಂಡಳಿಯ ಕ್ರಿಯಾ ಯೋಜನೆಗೆ ಕ್ಷೇತ್ರದ ಪ್ರಸ್ತಾವನೆಗಳು ಹೋಗುವಾಗ ಅವರ ಮಾತಿಗೆ ತೂಕವಿದೆ.

ಆದರೆ ಸಹಾಯಕಿಯ ಹುದ್ದೆಗಾಗಿ ಮಂಡಳಿಯ ಬಳಿಗೆ ಹೋಗಬೇಡಿ. ಅದು ಮಂಜೂರಾದ ಹುದ್ದೆ, ಗೌರವಧನಕ್ಕೆ ಹಣವೂ ಇದೆ. ನೇಮಕಾತಿ ಅಧಿಸೂಚನೆ ಇಲಾಖೆಯ ಜಿಲ್ಲಾ ಉಪನಿರ್ದೇಶಕರ ಕಚೇರಿಯಿಂದ ಆಗಬೇಕು. ಹುದ್ದೆ ಖಾಲಿಯಾದ ದಿನಾಂಕ, ಭರ್ತಿಗೆ ಕೈಗೊಂಡ ಕ್ರಮ, ವಿಳಂಬದ ಕಾರಣ, ಈ ಮೂರನ್ನು ಮಾಹಿತಿ ಹಕ್ಕಿನಡಿ ಕೇಳಿ. 10 ರೂಪಾಯಿ ಶುಲ್ಕ, 30 ದಿನದ ಗಡುವು. ಸಿಲಿಂಡರಿನಂತಹ ಸಣ್ಣ ಖರ್ಚಿಗೆ ಪಂಚಾಯಿತಿಯ ಕಂದಾಯ ವಸೂಲಿಯ ಹಣವನ್ನೇ ಬಳಸಲು ನಿರ್ಣಯ ಮಾಡಿಸಿ. ಹಣಕಾಸು ಆಯೋಗದ ಅನಿರ್ಬಂಧಿತ (ಇಂಥ ಕೆಲಸಕ್ಕೇ ಎಂದು ಗೊತ್ತುಪಡಿಸದ) ಅನುದಾನವನ್ನೂ ಸಂಬಳಕ್ಕೆ ಅಥವಾ ಆಡಳಿತ ವೆಚ್ಚಕ್ಕೆ ಮುಟ್ಟುವಂತಿಲ್ಲ, ಆದ್ದರಿಂದ ಪಿಡಿಒ ಹಿಂಜರಿದರೆ ಅವರನ್ನು ದೂರಬೇಡಿ.

ಉತ್ತರ 2: ಅಂಗನವಾಡಿ ಕಾರ್ಯಕರ್ತೆ, ಬೀದರ್ ಜಿಲ್ಲೆ

ಹಿರಿಯರು ಹೇಳಿದ ಲೆಕ್ಕ ಸರಿಯಾಗಿದೆ. ಆದರೆ ಆ ಹಣ ನಮ್ಮ ಕೈಗೆ ಹೇಗೆ ಬರುತ್ತದೆ ಎಂಬುದನ್ನೂ ಸದಸ್ಯೆಯವರು ತಿಳಿದಿರಬೇಕು. ನಮ್ಮ ಕೇಂದ್ರದಲ್ಲಿ ಮೊಟ್ಟೆ ಮತ್ತು ತರಕಾರಿಯ ಹಣ ಬಾಲವಿಕಾಸ ಸಮಿತಿಯ ಜಂಟಿ ಖಾತೆಗೆ ಜಮೆಯಾಗುತ್ತದೆ. ಸಮಿತಿಯ ಅಧ್ಯಕ್ಷರೂ ನಾನೂ ಇಬ್ಬರೂ ಸಹಿ ಹಾಕಬೇಕು. ಮಕ್ಕಳು ಮೊಟ್ಟೆಯನ್ನು ಇಂದು ತಿನ್ನುತ್ತವೆ, ಹಣ ಆಮೇಲೆ ಬರುತ್ತದೆ. ಚಳಿಗಾಲದಲ್ಲಿ ಸಂತೆಯ ದರ ಏರಿದಾಗ ಸರ್ಕಾರ ನಿಗದಿ ಮಾಡಿದ ದರ ಅಲ್ಲೇ ನಿಂತಿರುತ್ತದೆ. ಒಂದು ಟ್ರೇಯಲ್ಲಿ 30 ಮೊಟ್ಟೆ. ಒಂದೊಂದರ ಮೇಲೆ ಒಂದು ರೂಪಾಯಿ ಹೆಚ್ಚಾದರೂ ಟ್ರೇಗೆ 30 ರೂಪಾಯಿ ನಮ್ಮ ಮೇಲೆ ಬೀಳುತ್ತದೆ. ಅಂಗಡಿಯವನು ಉದ್ರಿ ಕೊಡುವುದು ನನ್ನ ಮುಖ ನೋಡಿ, ಇಲಾಖೆಯ ಮುಖ ನೋಡಿ ಅಲ್ಲ.

ಗುಳೆ ಹೋಗುವ ಮನೆಗಳ ಬಗ್ಗೆ ಒಂದು ಮಾತು. ಪೋಷಣ್ ಟ್ರ್ಯಾಕರ್‌ನಲ್ಲಿ ಫಲಾನುಭವಿಯ ಹೆಸರನ್ನು ಬೇರೆ ಕೇಂದ್ರಕ್ಕೆ, ಬೇರೆ ರಾಜ್ಯಕ್ಕೂ ವರ್ಗಾಯಿಸಲು ಅವಕಾಶವಿದೆ. ಹೊರಡುವ ಮೊದಲೇ ತಾಯಂದಿರಿಗೆ ಇದನ್ನು ತಿಳಿಸಿ, ತಾಯಿ ಕಾರ್ಡನ್ನು ಜೊತೆಯಲ್ಲಿ ಒಯ್ಯಲು ಹೇಳಿ. ಹೋದ ಮೇಲೆ ಫೋನಿನಲ್ಲಿ ಹುಡುಕುವುದು ಕಷ್ಟ. 2025ರ ಜುಲೈ 1ರಿಂದ ಮನೆಗೆ ಕೊಡುವ ಆಹಾರಕ್ಕೆ ಮುಖ ಗುರುತಿಸುವಿಕೆ ಕಡ್ಡಾಯವಾದ ಮೇಲೆ, ತಾಯಿ ಪುಣೆಯಲ್ಲಿದ್ದು ಮಗು ಅಜ್ಜಿಯ ಬಳಿ ಇರುವ ಮನೆಗಳಲ್ಲಿ ಪೊಟ್ಟಣ ಕೊಡುವ ಹೊತ್ತಿಗೆ ನಮಗೆ ಪೇಚಾಟ. ಅಂತಹ ಮಕ್ಕಳ ಪಟ್ಟಿಯನ್ನು ಮೊದಲೇ ಮೇಲ್ವಿಚಾರಕಿಯವರಿಗೆ ಬರೆದುಕೊಟ್ಟು, ಪೋಷಕರ ಸ್ಥಾನದಲ್ಲಿ ಅಜ್ಜಿಯನ್ನು ನೋಂದಾಯಿಸುವ ಬಗ್ಗೆ ಕೇಳಿ. ಬಾಯಿಮಾತಿನಲ್ಲಿ ಹೇಳಿದ್ದು ನಮ್ಮ ಇಲಾಖೆಯಲ್ಲಿ ಉಳಿಯುವುದಿಲ್ಲ.

ಉತ್ತರ 3: ಪೌಷ್ಟಿಕತೆಯ ಕ್ಷೇತ್ರದಲ್ಲಿ ಕೆಲಸ ಮಾಡುವವ, ಯಾದಗಿರಿ

ಲೆಕ್ಕಾಧಿಕಾರಿಗಳ ಮಾತಿಗೆ ನನ್ನ ಸಣ್ಣ ತಕರಾರಿದೆ. ಕಟ್ಟಡಗಳನ್ನು ಅಷ್ಟು ಹಗುರವಾಗಿ ಕಾಣಬಾರದು. ಮಳೆಗಾಲದಲ್ಲಿ ಸೋರುವ ಬಾಡಿಗೆ ಕೋಣೆಯಲ್ಲಿ ಅಕ್ಕಿ, ಬೇಳೆ ಇಟ್ಟು ಕಾಯುವುದು ಏನೆಂದು ನೋಡಿದವನು ನಾನು. ಆದರೂ ನನ್ನ ಮುಖ್ಯ ಮಾತು ಬೇರೆ. ಸಹಾಯಕಿ ಬಂದರೂ ಸಿಲಿಂಡರ್ ಬಂದರೂ, ಸದಸ್ಯೆಯವರು ಕೇಳಿದ ಎರಡನೆಯ ಪ್ರಶ್ನೆ, ಅಂದರೆ ಬೆಳಗಿನ ಆರಕ್ಕೆ ಮಗು ಯಾರ ಕೈಯಲ್ಲಿ ಎಂಬುದು, ಹಾಗೆಯೇ ಉಳಿಯುತ್ತದೆ.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಯಾದಗಿರಿ ಜಿಲ್ಲೆಯಲ್ಲಿ ಇಂತಹ ಮಕ್ಕಳು ಅರ್ಧಕ್ಕಿಂತ ಹೆಚ್ಚು. 2018ರಲ್ಲಿ ನಮ್ಮ ಜಿಲ್ಲೆಯನ್ನು ರಾಯಚೂರಿನ ಜೊತೆಗೆ, ಹಿಂದುಳಿದ ಜಿಲ್ಲೆಗಳನ್ನು ಮೇಲೆತ್ತಲು ಕೇಂದ್ರ ಸರ್ಕಾರ ಮಾಡಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಗೆ ಸೇರಿಸಿದ್ದೇನೂ ಸುಮ್ಮನೆ ಅಲ್ಲ. ಈ ಬೆಳವಣಿಗೆ ಕುಂಠಿತವಾಗುವುದು ಬಹುಪಾಲು ಮೊದಲ ಎರಡು ವರ್ಷಗಳಲ್ಲಿ. ಆ ವಯಸ್ಸಿನ ಮಗು ಅಂಗನವಾಡಿಗೆ ಬಂದು ಕೂರುವುದಿಲ್ಲ. ಅದಕ್ಕೆ ಸಿಗುವುದು ಮನೆಗೆ ಒಯ್ಯುವ ಪೊಟ್ಟಣ ಮಾತ್ರ. ಪೊಟ್ಟಣದ ಪುಡಿಯನ್ನು ಕಲಸಿ, ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪವಾಗಿ ತಿನ್ನಿಸುವ ಕೈ ಮನೆಯಲ್ಲಿ ಬೇಕಲ್ಲ? ಆ ಕೈ ಹೊಲದಲ್ಲಿದೆ. ಮನೆಯಲ್ಲಿರುವ ಎಂಟು ವರ್ಷದ ಅಕ್ಕ ಶಾಲೆ ಬಿಟ್ಟು ತಮ್ಮನನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತಾಳೆ. ಒಂದು ಶಿಶುಪಾಲನಾ ಕೇಂದ್ರ ಇಲ್ಲದ ಕಾರಣಕ್ಕೆ ಇಬ್ಬರು ಮಕ್ಕಳ ಲೆಕ್ಕ ಕೆಡುತ್ತದೆ.

ಆದ್ದರಿಂದ ನೀವು ಕೇಳಬೇಕಾದದ್ದು ಕೂಸಿನ ಮನೆ. 2023-24ರ ರಾಜ್ಯ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ತೆರೆಯುವುದಾಗಿ ಹೇಳಿದ, ಉದ್ಯೋಗ ಖಾತ್ರಿ ಕೂಲಿಕಾರರ ಆರು ತಿಂಗಳಿಂದ ಮೂರು ವರ್ಷದೊಳಗಿನ ಮಕ್ಕಳ ಕೇಂದ್ರವದು. ನಿಮ್ಮ ಪಂಚಾಯಿತಿಯ ಹೆಸರು ಅದರಲ್ಲಿದೆಯೇ, ಇದ್ದರೆ ಕೇಂದ್ರ ತಾಂಡಾದಲ್ಲಿದೆಯೋ ಅಥವಾ ತಾಂಡಾದ ತಾಯಂದಿರು ಹೋಗದಷ್ಟು ದೂರದಲ್ಲಿ, ಪಂಚಾಯಿತಿ ಕಚೇರಿಯ ಪಕ್ಕದಲ್ಲಿದೆಯೋ ಎಂದು ಮೊದಲು ನೋಡಿ. ಇನ್ನೊಂದು ದಾರಿ ಕೇಂದ್ರ ಸರ್ಕಾರದ ‘ಪಾಲನಾ’ ಯೋಜನೆ; ಅದರಲ್ಲಿ ಅಂಗನವಾಡಿಗೇ ಶಿಶುಪಾಲನಾ ಕೇಂದ್ರವನ್ನು ಜೋಡಿಸಿ, ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳನ್ನು ದಿನಕ್ಕೆ ಏಳೂವರೆ ಗಂಟೆ ನೋಡಿಕೊಳ್ಳಲು ಅವಕಾಶವಿದೆ. ನಿಮ್ಮ ಹೊಸ ಕಟ್ಟಡ ಇಲ್ಲಿ ಉಪಯೋಗಕ್ಕೆ ಬರುತ್ತದೆ ನೋಡಿ! ಕೂಸಿನ ಮನೆಯ ದೌರ್ಬಲ್ಯವೆಂದರೆ ಆರೈಕೆದಾರರ ಕೂಲಿ ಉದ್ಯೋಗ ಖಾತ್ರಿಯ ಪಾವತಿಗೆ ಅಂಟಿಕೊಂಡಿರುವುದು. ಪಾವತಿ ತಡವಾದರೆ ಆರೈಕೆದಾರರು ಬೇರೆ ಕೂಲಿ ಹುಡುಕಿಕೊಂಡು ಹೋಗುತ್ತಾರೆ, ಬೀಗ ಬೀಳುತ್ತದೆ. ಮಂಡಳಿಯ ಹಣ ಕೇಳುವುದಾದರೆ ಈ ಕೊರತೆಯನ್ನು ತುಂಬಲು ಕೇಳಿ, ಅದರಲ್ಲೂ ತೊಗರಿ ಕೊಯ್ಲಿನ ತಿಂಗಳುಗಳಲ್ಲಿ ಬೆಳಗಿನ ಹೊತ್ತು ಬೇಗ ತೆರೆಯಲು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಮ್ಮ ಪಂಚಾಯಿತಿಯ ಕೂಸಿನ ಮನೆ ದಾಖಲೆಯಲ್ಲಿದೆ, ಆದರೆ ಅದು ಮುಖ್ಯ ಗ್ರಾಮದಲ್ಲಿದೆ. ತಾಂಡಾದಿಂದ ಅಲ್ಲಿಗೆ ಕೂಸನ್ನು ಹೊತ್ತುಕೊಂಡು ಹೋಗುವವರು ಯಾರೂ ಇಲ್ಲ. ಇದನ್ನು ತಾಂಡಾದ ಹೊಸ ಕಟ್ಟಡಕ್ಕೆ ತರುವ ಬಗ್ಗೆ ನಿರ್ಣಯ ಬರೆಯುತ್ತೇನೆ. ಇದೇ ತಾಂಡಾದಲ್ಲಿ ಇಬ್ಬರು ಮೊಮ್ಮಕ್ಕಳನ್ನು ಒಬ್ಬ ಅಜ್ಜಿ ಸಾಕುತ್ತಿದ್ದಾರೆ. ಮಗ ತೀರಿಕೊಂಡಿದ್ದಾನೆ, ಸೊಸೆ ಮರುಮದುವೆಯಾಗಿ ಹೋಗಿದ್ದಾಳೆ. ಅಜ್ಜಿಗೆ ವೃದ್ಧಾಪ್ಯ ವೇತನ ಬರುತ್ತದೆ, ಮಕ್ಕಳ ಹೆಸರಿನಲ್ಲಿ ಏನೂ ಇಲ್ಲ. ಮಕ್ಕಳನ್ನು ಹಾಸ್ಟೆಲಿಗೆ ಹಾಕಿ ಎಂದು ಕೆಲವರು ಹೇಳುತ್ತಾರೆ, ಅಜ್ಜಿ ಒಪ್ಪುವುದಿಲ್ಲ.

ಉತ್ತರ 4: ವಕೀಲೆ, ಕಲಬುರಗಿ

ಅಜ್ಜಿ ಒಪ್ಪದಿರುವುದೇ ಸರಿ. ಬಡತನವೊಂದೇ ಕಾರಣವಾಗಿ ಮಗುವನ್ನು ಮನೆಯಿಂದ ಸಂಸ್ಥೆಗೆ ಕಳಿಸಬಾರದು, ಮನೆಗೇ ನೆರವು ಕೊಡಬೇಕು ಎಂಬುದು ಮಕ್ಕಳ ರಕ್ಷಣೆಗಾಗಿ ಇರುವ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯ ತಳಹದಿ. ಅದರಡಿಯ ಪ್ರಾಯೋಜಕತ್ವ ಕಾರ್ಯಕ್ರಮದಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಗ್ರಾಮೀಣ ಭಾಗದಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ, ಉಳಿದ ಕಡೆ 96,000 ರೂಪಾಯಿ ಮೀರಿರಬಾರದು. ತಂದೆತಾಯಿ ಇಲ್ಲದೆ ಬಂಧುಗಳ ಮನೆಯಲ್ಲಿ ಬೆಳೆಯುವ ಮಕ್ಕಳು ಇದರ ವ್ಯಾಪ್ತಿಗೆ ಬರುತ್ತಾರೆ. ತಾಯಿ ಬದುಕಿದ್ದಾಳೆ ಎಂಬ ಒಂದೇ ಕಾರಣಕ್ಕೆ ಅರ್ಜಿಯನ್ನು ತೆಗೆದುಕೊಳ್ಳದಿದ್ದರೆ, ಮಕ್ಕಳು ಅಜ್ಜಿಯ ಪಾಲನೆಯಲ್ಲಿದ್ದಾರೆ ಎಂಬುದಕ್ಕೆ ಶಾಲೆ ಮತ್ತು ಅಂಗನವಾಡಿಯ ದಾಖಲೆ ಜೋಡಿಸಿ, ಮಕ್ಕಳ ಕಲ್ಯಾಣ ಸಮಿತಿಯ ಮುಂದೆಯೇ ವಿಷಯವನ್ನಿಡಿ.

ಅರ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಬೇಕು. ಅವರು ಮನೆಗೆ ಬಂದು ಸಾಮಾಜಿಕ ತನಿಖಾ ವರದಿ ಬರೆಯುತ್ತಾರೆ. ಮಂಜೂರಾತಿ ಕೊಡುವ ಸಮಿತಿಗೆ ಜಿಲ್ಲಾಧಿಕಾರಿಗಳು ಅಧ್ಯಕ್ಷರು. ದಾರಿ ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದರೂ ನಡೆಯುತ್ತದೆ. ಈ ಹಣದಲ್ಲೂ ಕೇಂದ್ರ 60, ರಾಜ್ಯ 40ರ ಪಾಲಿದೆ. ಹಾಗಾಗಿ ಕಂತು ಎರಡು ಮೂರು ತಿಂಗಳದ್ದು ಒಟ್ಟಿಗೆ ಬಂದರೂ ಅಜ್ಜಿ ಗಾಬರಿಯಾಗದಂತೆ ಮೊದಲೇ ಹೇಳಿಡಿ. ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರ ಮಾಡಿಸುವುದು, ಮಗನ ಮರಣ ಪ್ರಮಾಣಪತ್ರ ಹುಡುಕುವುದು, ಮಕ್ಕಳ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಸುವುದು, ಇವು ಮೊದಲು ಆಗಬೇಕು. ಮಗ ಬೇರೆ ರಾಜ್ಯದಲ್ಲಿ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಅಲ್ಲಿನ ನಗರಪಾಲಿಕೆಯಿಂದಲೇ ಬರಬೇಕಾಗುತ್ತದೆ. ಗುಳೆ ಹೋದ ನಿಮ್ಮ ತಾಂಡಾದವರು ಯಾರಾದರೂ ಈಗ ಅದೇ ಊರಿನಲ್ಲಿದ್ದರೆ, ಅವರ ಕೈಯಲ್ಲೇ ಅರ್ಜಿ ಹಾಕಿಸಿ.