ರಿಸೆಪ್ಷನ್‌ನಲ್ಲಿ ಡ್ಯಾನ್ಸ್ ಫ್ಲೋರ್ ಖಾಲಿ ಬೀಳದಂಗೆ ಏನ್ ಮಾಡೋದು?

ಪ್ರಶ್ನೆ:
ಹಾಸನದಲ್ಲಿ ತಂಗಿ ಮದುವೆ, ಹಿಂದಿನ ಸಂಜೆ ರಿಸೆಪ್ಷನ್. ಡಿಜೆ ಇರ್ಲೇಬೇಕು ಅಂತ ಅವಳಿಗೆ ತುಂಬಾ ಆಸೆ. ಆದ್ರೆ ನಮ್ ಕಡೆ ಜನ ಸ್ಟೇಜ್ ಹತ್ರ ಕ್ಯೂ ನಿಂತು, ಮುಯ್ಯಿ ಕೊಟ್ಟು, ಫೋಟೋ ತೆಗೆಸ್ಕೊಂಡು ಸೀದಾ ಊಟದ ಹಾಲ್‌ಗೆ ಹೋಗ್ಬಿಡ್ತಾರೆ, ಹೆಣ್ಣು ಗಂಡು ಮಾತ್ರ ಕೊನೇವರ್ಗೂ ಅಲ್ಲೇ ನಿಂತಿರ್ತಾರೆ. ದೊಡ್ಡೋರೂ ಎದ್ದು ಕುಣೀಬೇಕು ಅಂದ್ರೆ ಹೇಗೆ?

ಉತ್ತರ 1:
ಮೊದ್ಲು ಟೈಮ್ ನೋಡ್ಕೊಳ್ಳಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಸ್ಪೀಕರ್ ಹಾಕಂಗಿಲ್ಲ, 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಅದು. ಮುಚ್ಚಿದ ಹಾಲ್ ಒಳಗಾದ್ರೆ ವಿನಾಯ್ತಿ ಇದೆ. ಅದಕ್ಕೆ ಕ್ಯೂನ 8:30ಕ್ಕೇ ಮುಗ್ಸಿ ಜೋಡೀನ ಸ್ಟೇಜಿಂದ ಕೆಳಗಿಳಿಸಿ. ಅವ್ರು ಫ್ಲೋರ್‌ಗೆ ಬರ್ದೆ ಮಿಕ್ಕೋರು ಯಾರೂ ಬರಲ್ಲ.

ಉತ್ತರ 2:
ಡಿಜೆಗಿಂತ ಮುಂಚೆ ತಮಟೆಯವ್ರನ್ನ ಕರೆಸಿ ಅಣ್ಣ. ಚರ್ಮದ ತಮಟೆ ಆದ್ರೆ ಬೆಂಕಿಗೆ ಕಾಯ್ಸಿ ಬಿಗಿ ಮಾಡ್ಕೋಬೇಕು, ಹಾಲ್ ಹೊರಗೆ ಸ್ವಲ್ಪ ಜಾಗ ಬಿಡಿಸಿ. ಆ ಏಟು ಬಿದ್ರೆ ಸೋದರಮಾವಂದಿರು ಕರೀದೇನೇ ಎದ್ದು ಬರ್ತಾರೆ, ಅಲ್ಲಿಂದ ಹಳೇ ಕನ್ನಡ ಹಾಡಿಗೆ ಹೋಗಿ, ರಿಮಿಕ್ಸ್ ಎಲ್ಲ ಕೊನೇಗೆ. ಫ್ಲೋರ್ ಚಿಕ್ಕದಿರ್ಲಿ, ಹತ್ತು ಜನ ಬಂದ್ರೂ ತುಂಬಿದಂಗೆ ಕಾಣ್ಬೇಕು. ಲೈಟೂ ಸ್ವಲ್ಪ ಕಮ್ಮಿ ಮಾಡ್ಸಿ, ವಿಡಿಯೋದವರ ಫೋಕಸ್ ಲೈಟ್ ಮುಖಕ್ಕೆ ಹೊಡೀತಿದ್ರೆ ಹೆಂಗಸ್ರು ಎದ್ದೇಳಲ್ಲ.

ಉತ್ತರ 3:
ನಮ್ಮ ಮಂಗಳೂರು ಕ್ರಿಶ್ಚಿಯನ್ ಮದುವೆಗಳಲ್ಲಿ ಎಂಸಿ ಅಂತ ಮೈಕ್ ಹಿಡಿದು ನಡೆಸೋ ನಿರೂಪಕರು ಇರ್ತಾರಲ್ಲ, ಪೂರ್ತಿ ಪ್ರೋಗ್ರಾಂ ಅವರ ಕೈಲೇ, ಬೈಲಾ ಅನ್ನೋ ಕುಣಿತದ ಹಾಡು ಶುರು ಆಯ್ತು ಅಂದ್ರೆ ಅಜ್ಜಿಯರೂ ಫ್ಲೋರಲ್ಲೇ. ನೀವೂ ಜನರನ್ನ ಸಲುಗೆಯಿಂದ ಎಬ್ಬಿಸೋ ಕಸಿನ್ ಒಬ್ರಿಗೆ ಮೈಕ್ ಕೊಡಿ.