ವಂಶವೃಕ್ಷವನ್ನು ಅಳಿಸಿದವರು ಯಾರು?

ಶಿರಸಿ ಅತ್ತೆ (ಫಾರ್ವರ್ಡ್ ಮಾಡಿದ ಸಂದೇಶ): ಎಚ್ಚರಿಕೆ! ಫೋಟೊ ಮುಟ್ಟಿದಾಗ ತೆರೆದುಕೊಳ್ಳದೆ ಡೌನ್‌ಲೋಡ್ ಆದರೆ ಅದು ವೈರಸ್. ಬ್ಯಾಂಕ್ ಖಾತೆ ಖಾಲಿಯಾಗುತ್ತದೆ. ಕೂಡಲೇ ಎಲ್ಲರಿಗೂ ಕಳುಹಿಸಿ.

ಶಿರಸಿ ಅತ್ತೆ: ನಮ್ಮ ಮನೆತನದ ವೆಬ್‌ಸೈಟಿನಲ್ಲಿಯೂ ನಿನ್ನೆಯಿಂದ ಹೀಗೇ ಆಗುತ್ತಿದೆ. ಅಜ್ಜನ ಫೋಟೊ ಮುಟ್ಟಿದೆ, ಏನೋ ಇಳಿಯಿತು. ಯಾರೂ ಮುಟ್ಟಬೇಡಿ.

ದೊಡ್ಡಪ್ಪ: ವಂಶವೃಕ್ಷದ ಚಿತ್ರವಂತೂ ಕಾಣುತ್ತಲೇ ಇಲ್ಲ. ನಮ್ಮ ಕವಲಿನ ಹೆಸರುಗಳನ್ನು ಸೇರಿಸಿದ ಮೇಲೆಯೇ ಅದು ಮಾಯವಾಗಬೇಕೆ? ವೈರಸ್ ಕೆಲಸವೋ ಮನುಷ್ಯರ ಕೆಲಸವೋ, ದೇವರೇ ಬಲ್ಲ.

ಪುಣೆ ತಮ್ಮ: ದೊಡ್ಡಪ್ಪ, ನಾನು ಯಾರ ಹೆಸರನ್ನೂ ತೆಗೆದಿಲ್ಲ.

ದೊಡ್ಡಪ್ಪ: ನಿನ್ನ ಹೆಸರನ್ನು ನಾನು ಎತ್ತಿದೆನೆ?

ಅಕ್ಕ: ಅತ್ತೆ, ಈ ಎಚ್ಚರಿಕೆಯನ್ನು ಬರೆದವರು ಯಾರು? ಬ್ಯಾಂಕಿನವರೆ, ಪೊಲೀಸರೆ? ಮೂಲ ತೋರಿಸಿ.

ಶಿರಸಿ ಅತ್ತೆ: ಮೂಲ ಕೇಳುವವಳು ನನ್ನ ಮಗಳ ಮದುವೆಗೆ ಯಾಕೆ ಬರಲಿಲ್ಲ ಎಂದು ಮೊದಲು ಹೇಳಲಿ.

ಸಾಗರದ ಭಾವ: ಅಜ್ಜನ ಆ ಫೋಟೊ ತೆಗೆದದ್ದು ಅಂಗಳದಲ್ಲಿ, ಅಡಿಕೆ ಸುಲಿಯುವ ಕಾಲದಲ್ಲಿ. ಸರಿಯಾಗಿ ನೋಡಿದರೆ ಹಿಂದೆ ಚಪ್ಪರದ ಮೂಲೆಯಲ್ಲಿ ಅಜ್ಜಿಯ ಸೆರಗು ಕಾಣುತ್ತದೆ. ಫೋಟೊ ಬೇಡವೆಂದು ಓಡಿಹೋಗುತ್ತಿದ್ದಳು.

ನಾನು: ಅತ್ತೆಗೆ ಇಳಿದ ಕಡತವನ್ನು ತರಿಸಿಕೊಂಡು ನೋಡಿದೆ. ಅದರ ಮೊದಲ ಬೈಟ್‌ಗಳು ‘ಎಫ್‌ಎಫ್ ಡಿ8 ಎಫ್‌ಎಫ್’. ಜೆಪೆಗ್ ಚಿತ್ರಗಳು ಆರಂಭವಾಗುವುದೇ ಹೀಗೆ. ಗ್ಯಾಲರಿಯಲ್ಲಿ ತೆರೆದರೆ ಅಜ್ಜ ನಿಂತಿದ್ದಾರೆ. ಕೆಟ್ಟಿರುವುದು ಫೋಟೊ ಅಲ್ಲ, ಡಬ್ಬಿಯ ಮೇಲಿನ ಚೀಟಿ. ಸರ್ವರ್ ಯಾವ ಕಡತವನ್ನು ಕೊಟ್ಟರೂ ‘ಕಂಟೆಂಟ್-ಟೈಪ್’ ಎಂಬ ಸಾಲಿನಲ್ಲಿ ಅದು ಏನೆಂದು ಹೇಳಬೇಕು. ಇದಕ್ಕೆ ‘ಇಮೇಜ್/ಜೆಪೆಗ್’ ಎನ್ನಬೇಕಿತ್ತು. ಸರ್ವರಿನ ಉತ್ತರವನ್ನು ನೇರವಾಗಿ ತೋರಿಸುವ ಕರ್ಲ್ ಎಂಬ ಸಾಧನದ ಮೂಲಕ ವಿಚಾರಿಸಿದರೆ ನಮ್ಮ ಸರ್ವರ್ ‘ಅಪ್ಲಿಕೇಶನ್/ಆಕ್ಟೆಟ್-ಸ್ಟ್ರೀಮ್’ ಎನ್ನುತ್ತಿದೆ, ಅಂದರೆ ಇಂಥದ್ದೆಂದು ಗೊತ್ತಿಲ್ಲದ ಬೈಟ್‌ಗಳ ರಾಶಿ. ಅಂಥದ್ದನ್ನು ಬ್ರೌಸರ್ ತೆರೆದು ತೋರಿಸುವುದಿಲ್ಲ, ಇಳಿಸಿಕೊಳ್ಳುತ್ತದೆ.

ಅಕ್ಕ: ಹಾಗಾದರೆ ಆಲ್ಬಮ್ ಪುಟದಲ್ಲಿ ಅದೇ ಫೋಟೊ ಸರಿಯಾಗಿ ಕಾಣುತ್ತಿರುವುದು ಹೇಗೆ? ನಿನ್ನನ್ನೂ ಬಿಡುವುದಿಲ್ಲ, ಆಧಾರ ಕೊಡು.

ನಾನು: ಕೇಳಬೇಕಾದದ್ದನ್ನೇ ಕೇಳಿದೆ. ಪುಟದೊಳಗೆ ಚಿತ್ರವೆಂದು ಕರೆದಾಗ ಬ್ರೌಸರ್ ಚೀಟಿಯನ್ನು ನೆಚ್ಚಿ ಕೂರುವುದಿಲ್ಲ, ಮೊದಲ ಬೈಟ್‌ಗಳನ್ನು ನೋಡಿ ಜೆಪೆಗ್, ಪಿಎನ್‌ಜಿಗಳನ್ನು ತಾನೇ ಗುರುತಿಸುತ್ತದೆ. ವಂಶವೃಕ್ಷ ಇರುವುದು ಎಸ್‌ವಿಜಿ ಎಂಬ ಬೇರೆ ಬಗೆಯ ಚಿತ್ರದ ರೂಪದಲ್ಲಿ. ಅದು ಒಳಗೆ ಬರೀ ಪಠ್ಯ, ಜೆಪೆಗ್‌ನಂತೆ ಮೊದಲ ಬೈಟ್‌ಗಳಿಂದ ಗುರುತು ಸಿಗುವುದಿಲ್ಲ. ಸರ್ವರ್ ‘ಇಮೇಜ್/ಎಸ್‌ವಿಜಿ+ಎಕ್ಸ್‌ಎಂಎಲ್’ ಎಂದು ಸ್ಪಷ್ಟವಾಗಿ ಹೇಳದಿದ್ದರೆ ಬ್ರೌಸರ್ ಅದನ್ನು ಚಿತ್ರವೆಂದು ಬಿಡಿಸುವುದಿಲ್ಲ. ದೊಡ್ಡಪ್ಪ, ಕಡತವನ್ನು ತೆರೆದು ಓದಿದ್ದೇನೆ. ನಿಮ್ಮ ಕವಲಿನ ಒಂದು ಹೆಸರೂ ಹೋಗಿಲ್ಲ.

ದೊಡ್ಡಪ್ಪ: ಹೆಸರು ಇದ್ದರೆ ಸಾಲದು. ಮನೆತನದ ದಾಖಲೆಗೆ ಕೈ ಹಾಕುವ ಮೊದಲು ಹಿರಿಯರಿಗೆ ಒಂದು ಮಾತು ತಿಳಿಸುವುದು ಮರ್ಯಾದೆ. ನಮ್ಮ ತಂದೆಯವರು ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಯಾವ ಸರ್ವರಿನ ದಯೆಯೂ ಬೇಕಿರಲಿಲ್ಲ.

ಸಾಗರದ ಭಾವ: ಆ ಪುಸ್ತಕ ಅಟ್ಟದಲ್ಲಿತ್ತು, ಗೆದ್ದಲು ತಿಂದಿತು.

ದೊಡ್ಡಪ್ಪ: ಅಟ್ಟದ ಬೀಗದ ಕೈ ಯಾರ ಬಳಿ ಇತ್ತು ಎಂಬುದನ್ನು ನಾನು ಮರೆತಿಲ್ಲ.

ನಾನು: ತಮ್ಮಾ, ಉಪನಯನದ ಫೋಟೊಗಳು ಮಾತ್ರ ಮುಟ್ಟಿದರೆ ಸರಿಯಾಗಿ ತೆರೆಯುತ್ತಿವೆ. ಅವು ಎವಿಐಎಫ್ ಎಂಬ ಹೊಸ ಬಗೆಯ ಚಿತ್ರ ಕಡತಗಳು. ಅವುಗಳಿಗೆಂದು ಏನಾದರೂ ಬದಲಾಯಿಸಿದೆಯಾ?

ಪುಣೆ ತಮ್ಮ: ಹೌದು. ನಮ್ಮ ಸರ್ವರ್ ತಂತ್ರಾಂಶವಾದ ಎಂಜಿನ್‌ಎಕ್ಸ್‌ನ ಸಂರಚನೆಯಲ್ಲಿ, ಚಿತ್ರಗಳ ಫೋಲ್ಡರಿನ ನಿಯಮಗಳಿರುವ ‘ಲೊಕೇಶನ್’ ಒಳಗೆ ಒಂದು ‘ಟೈಪ್ಸ್’ ಬ್ಲಾಕ್, ಅಂದರೆ ಕಡತದ ಬಗೆಗಳ ಪಟ್ಟಿ, ಬರೆದು ಎವಿಐಎಫ್ ಸೇರಿಸಿದೆ. ಉಳಿದವು ಇಡೀ ಸರ್ವರಿನ ಪಟ್ಟಿಯಿರುವ ‘ಮೈಮ್.ಟೈಪ್ಸ್’ ಕಡತದಲ್ಲಿ ಇದ್ದೇ ಇವೆಯಲ್ಲ?

ನಾನು: ಇವೆ, ಆದರೆ ಆ ಫೋಲ್ಡರಿನ ಮಟ್ಟಿಗೆ ಇಲ್ಲ. ಒಳಗೆ ಹೊಸ ಟೈಪ್ಸ್ ಬ್ಲಾಕ್ ಬರೆದರೆ ಎಂಜಿನ್‌ಎಕ್ಸ್ ಅದನ್ನು ಹೊರಗಿನ ಪಟ್ಟಿಗೆ ಸೇರಿಸುವುದಿಲ್ಲ, ಹೊರಗಿನ ಪಟ್ಟಿಯನ್ನೇ ಕೈಬಿಡುತ್ತದೆ. ಅಲ್ಲಿ ಈಗ ಎವಿಐಎಫ್ ಒಂದಕ್ಕೇ ಹೆಸರು, ಮಿಕ್ಕಿದ್ದಕ್ಕೆಲ್ಲ ಡಿಫಾಲ್ಟ್ ಆಗಿರುವ ಆಕ್ಟೆಟ್-ಸ್ಟ್ರೀಮ್. ಬ್ಲಾಕ್ ತೆಗೆದು ಆ ಸಾಲನ್ನು ಮೈಮ್.ಟೈಪ್ಸ್‌ಗೇ ಹಾಕು. ‘ಎಂಜಿನ್‌ಎಕ್ಸ್ -ಟಿ’ ಕೊಟ್ಟು ಪರೀಕ್ಷಿಸಿದ ಮೇಲೆ ರಿಲೋಡ್ ಮಾಡು.

ಶಿರಸಿ ಅತ್ತೆ: ಅಂದರೆ ನನ್ನ ಖಾತೆಗೆ ಏನೂ ಆಗುವುದಿಲ್ಲವೆ? ಭಜನಾ ಮಂಡಳಿಯ ಗುಂಪಿಗೂ ಕಳುಹಿಸಿಬಿಟ್ಟೆ.

ಅಕ್ಕ: ಅಳಿಸಿ, ಅತ್ತೆ.

ನಾನು: ಅಳಿಸಿ, ಜೊತೆಗೆ ನಿಜವಾಗಿ ಹೆದರಬೇಕಾದದ್ದನ್ನು ಅವರಿಗೆ ಬರೆಯಿರಿ. ಮದುವೆಯ ಆಮಂತ್ರಣವೆಂದು ‘ಎಪಿಕೆ’ ಕಡತ ಬಂದರೆ ಮುಟ್ಟಬಾರದು. ಅದು ಆಮಂತ್ರಣವಲ್ಲ, ಮೊಬೈಲಿನಲ್ಲಿ ಕೂರುವ ಆ್ಯಪ್. ಅದರಿಂದ ಹಣ ಕಳೆದುಕೊಂಡವರಿದ್ದಾರೆ.

ಶಿರಸಿ ಅತ್ತೆ: ನನ್ನ ಮಗಳ ಮದುವೆಗೆ ಕಾಗದದ ಆಮಂತ್ರಣವನ್ನೇ ಕಳುಹಿಸಿದ್ದೆ. ಆದರೂ ಕೆಲವರು ಬರಲಿಲ್ಲ.

ಪುಣೆ ತಮ್ಮ: ರಿಲೋಡ್ ಮಾಡಿದ್ದೇನೆ. ನೋಡಿ.

ಅಕ್ಕ: ನನಗೆ ಇನ್ನೂ ಇಳಿಯುತ್ತಲೇ ಇದೆ.

ನಾನು: ಬ್ರೌಸರ್ ಹಳೆಯ ಉತ್ತರವನ್ನೇ ಇಟ್ಟುಕೊಂಡಿರಬಹುದು. ಕ್ಯಾಶೆ ಅಳಿಸಿ ನೋಡು. ಸರ್ವರ್ ಈಗ ‘ಇಮೇಜ್/ಜೆಪೆಗ್’ ಎನ್ನುತ್ತಿದೆ, ಪರೀಕ್ಷಿಸಿದೆ.

ಅಕ್ಕ: ಈಗ ತೆರೆಯಿತು.

ದೊಡ್ಡಪ್ಪ: ವಂಶವೃಕ್ಷವೂ ಕಂಡಿತು. ಆದರೆ ನಮ್ಮ ಕವಲನ್ನು ಎಡಗಡೆಗೆ ಯಾಕೆ ಹಾಕಿದ್ದೀರಿ? ಹಿರಿಯ ಮಗನ ಕವಲು ಬಲಗಡೆ ಇರಬೇಕು.

ಪುಣೆ ತಮ್ಮ: ಎಡಗಡೆಯೇ ಇರಲಿ ಎಂದು ದೀಪಾವಳಿಯಲ್ಲಿ ಬರೆದವರು ನೀವೇ, ದೊಡ್ಡಪ್ಪ. ಸಂದೇಶ ಇದೇ ಗುಂಪಿನಲ್ಲಿದೆ, ಹುಡುಕಿ ಹಾಕುತ್ತೇನೆ.